ಹಣ್ಣು ಮೆಣಸಿನಕಾಯಿಯ ರಂಜಕ: ಮೊದಲ ಬಾರಿ ಮಾಡುವವರಿಗೆ ಕೆಲವು ಸೂಚನೆಗಳು

ಧಾರವಾಡ, ಹಾವೇರಿ, ಗದಗ ಸೀಮೆಗಳಲ್ಲಿ ಮೆಣಸಿನಕಾಯಿಯು ಒಕ್ಕಲಿಗನಿಗೆ ರೊಕ್ಕ ತರುವ ಮುಖ್ಯ ಬೆಳೆಗಳಲ್ಲೊಂದಾಗಿರುವುದು ಸರ್ವರಿಗೂ ತಿಳಿದ ವಿಷಯ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿರುತ್ತದೆ. ಆದರೆ ಬೆಳೆಗಾರನು ತನ್ನ ಫಸಲನ್ನೆಲ್ಲಾ ಕಣದಲ್ಲಿ ಒಣಗಿಸಿ ಪೇಟೆಗೆ ಸಾಗಿಸುವುದರಿಂದ, ಆ ದಿನದ ಧಾರಣೆ ಎಷ್ಟಿರುವುದೋ ಅದಕ್ಕೆ ತಲೆಬಾಗಬೇಕಾಗುವುದು. 2024ನೆಯ ಇಸವಿ ಮಾರ್ಚಿ ತಿಂಗಳಿನಲ್ಲಿ ಬ್ಯಾಡಗಿ ಪೇಟೆಯ ಧಾರಣೆಯು ಕುಸಿದಾಗ ಉಂಟಾದ ಕ್ಷೋಭೆಯನ್ನು ಬೆಳೆಗಾರರು ಮರೆತಿರಲಾರರು. ಒಣಗುತ್ತಿರುವಾಗ ಅಕಾಲದ ಮಳೆ ಬಿದ್ದರಂತೂ ಕಾಯಿಗೆ ಬೂಷ್ಟು ಹಿಡಿದು, ಅಫ್ಲಾಟಾಕ್ಸಿನ್ ಎಂಬ ವಿಷವು ಅದರಲ್ಲಿ ಸೇರುವ ಭಯವೂ ಉಂಟು.

ಒಣಗಿಸುವ ಅವಶ್ಯಕತೆಯೇ ಇಲ್ಲದೆ ಹಣ್ಣನ್ನು ಬಹುಕಾಲ ಕಾಪಾಡುವ ಕ್ರಮವೊಂದು ಈ ಸೀಮೆಯ ಮನೆಗಳಲ್ಲಿ ಹಿಂದಿನಿಂದಲೂ ಬಂದಿದೆ. ಅದೇ ರಂಜಕ. ಕೆಂಪಾದ ಹಸಿಯ ಹಣ್ಣನ್ನು ಉಪ್ಪಿನೊಡನೆ ಕುಟ್ಟಿ, ನಿಂಬೆಯ ರಸ, ಬೆಳ್ಳುಳ್ಳಿ, ಮೆಂತ್ಯ ಮುಂತಾದುವನ್ನು ಕೂಡಿಸಿ ರೊಟ್ಟಿಯೊಡನೆ ಬಳಸುವರು. ಹೊರದೇಶಗಳಲ್ಲಿಯೂ ಇಂತಹ ವಿಧಾನವುಂಟು. ಅಮೆರಿಕಾ ದೇಶದ ಲೂಯಿಸಿಯಾನಾ ಸಂಸ್ಥಾನದ ಏವರಿ ದ್ವೀಪದಲ್ಲಿ 1868ರಲ್ಲಿ ಆರಂಭವಾದ ಟಬಾಸ್ಕೊ ಎಂಬ ಖಾರದ ರಸಕ್ಕೂ ಹಣ್ಣು ಮೆಣಸಿನಕಾಯಿ, ಉಪ್ಪು ಮತ್ತು ವಿನಿಗರ್ ಇವೇ ಮೂಲವಸ್ತುಗಳು.

ಮೊದಲ ಬಾರಿ ಮಾಡುವವರಲ್ಲಿ ಅನೇಕರ ಜಾಡಿಯು ನಾಲ್ಕಾರು ದಿನಗಳಲ್ಲಿಯೇ ಕೆಟ್ಟು ತಿಪ್ಪೆಗೆ ಸೇರುವುದು. ಅದಕ್ಕೆ ಕಾರಣವು ಕೈಗುಣವಲ್ಲ. ಉಪ್ಪನ್ನು ತೂಗದಿರುವುದು ಮತ್ತು ಹಿಂಡಿಯನ್ನು ಗಾಳಿಗೆ ಬಿಡುವುದು, ಇವೆರಡೇ ಮುಖ್ಯ ದೋಷಗಳು. ಹಣ್ಣಿನ ಸಿಪ್ಪೆಯ ಮೇಲೆ ಸ್ವಭಾವತಃ ಇರುವ ಸೂಕ್ಷ್ಮಜೀವಿಗಳು ಇಡ್ಲಿಯ ಹಿಟ್ಟನ್ನು ಹುಳಿಗೊಳಿಸುವಂತೆಯೇ ಮೆಣಸಿನಕಾಯಿಯನ್ನೂ ಹುಳಿಗೊಳಿಸುವುವು. ತಕ್ಕಷ್ಟು ಉಪ್ಪಿದ್ದರೆ ಕೆಡಿಸುವ ಜೀವಿಗಳು ಹಿಂದೆ ಸರಿದು ಹುಳಿ ತರುವ ಜೀವಿಗಳು ಮುಂದಾಗುವುವು. ಉಪ್ಪು ಕಡಿಮೆಯಾದರೆ ಕೊಳೆಯುವುದು. ಅತಿಯಾದರೆ ಹುಳಿಯೇ ಹುಟ್ಟದು. ಹರಳುಪ್ಪಿನ ಒಂದು ಹಿಡಿಗೂ ಪುಡಿಯುಪ್ಪಿನ ಒಂದು ಹಿಡಿಗೂ ತೂಕದಲ್ಲಿ ಬಹಳ ಅಂತರವಿರುವುದರಿಂದ, ಹಿಡಿಯ ಅಳತೆಯನ್ನು ಬಿಟ್ಟು ತಕ್ಕಡಿಯನ್ನೇ ಹಿಡಿಯತಕ್ಕದ್ದು.

ಬೇಕಾದ ವಸ್ತುಗಳು: ತೊಟ್ಟು ತೆಗೆದ ಕೆಂಪು ಹಣ್ಣು 1 ಕಿಲೋಗ್ರಾಂ, ಸುಲಿದ ಬೆಳ್ಳುಳ್ಳಿ 50 ಗ್ರಾಂ, ಉಪ್ಪು 50 ಗ್ರಾಂ, ಕಡೆಯಲ್ಲಿ ಸೇರಿಸಲು ನಿಂಬೆಯ ರಸ ಅಥವಾ ನೂರಕ್ಕೆ ಐದರಷ್ಟು ಆಮ್ಲವುಳ್ಳ ವಿನಿಗರ್ 200 ಮಿಲಿಲೀಟರ್. ಬ್ಯಾಡಗಿಯ ಡಬ್ಬಿ ಮತ್ತು ಕಡ್ಡಿ ಜಾತಿಗಳಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಖಾರ ಬೇಕೆನ್ನುವವರು ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರಿನ ಜಾತಿಯನ್ನು ಕೂಡಿಸಬಹುದು. ಖಾರವು ಬೀಜದಲ್ಲಿರುವುದೆಂಬ ನಂಬಿಕೆಯು ಸರಿಯಲ್ಲ. ಬೀಜವನ್ನು ಹಿಡಿದಿರುವ ಒಳಗಿನ ಬಿಳಿಯ ತಿರುಳಿನಲ್ಲಿಯೇ ಅದು ಅಧಿಕವಾಗಿರುವುದು. ಕೊಳೆತ ಅಥವಾ ಬೂಷ್ಟು ಹಿಡಿದ ಹಣ್ಣನ್ನು ಎಷ್ಟುಮಾತ್ರವೂ ಸೇರಿಸಕೂಡದು. ಕೆಟ್ಟುದನ್ನು ಉಳಿಸುವ ಉಪಾಯ ಇದಲ್ಲ.

ಮಾಡುವ ಕ್ರಮ: ಹಣ್ಣನ್ನು ತೊಳೆದು, ನೀರಿನ ಪಸೆ ಆರಿದ ಮೇಲೆ ತೊಟ್ಟು ಬಿಡಿಸಿ, ಬೆಳ್ಳುಳ್ಳಿ ಮತ್ತು ಉಪ್ಪಿನೊಡನೆ ತರಿತರಿಯಾಗಿ ರುಬ್ಬತಕ್ಕದ್ದು. ಬ್ಯಾಡಗಿಯ ಹಣ್ಣು ತೆಳುವಾದುದರಿಂದ ರಸ ಸಾಲದೆ ಹೋಗಬಹುದು. ಆಗ ಕಾಯಿಸಿ ಆರಿಸಿದ 100 ಮಿಲಿಲೀಟರ್ ನೀರಿಗೆ 5 ಗ್ರಾಂ ಉಪ್ಪು ಕರಗಿಸಿ ಬೆರೆಸಬೇಕು. ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಇಲ್ಲವೆ ಪಿಂಗಾಣಿಯ ಜಾಡಿಯಲ್ಲಿ ಇದನ್ನು ಗಾಳಿ ಉಳಿಯದಂತೆ ಒತ್ತಿ ತುಂಬಿ, ಮೇಲೆ ಕಾಲುಭಾಗ ತೆರಪು ಬಿಡತಕ್ಕದ್ದು. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳು ಹುಳಿಗೆ ಸಲ್ಲವು. ಒಳಗೆ ವಾಯುವು ಹುಟ್ಟುವುದರಿಂದ ಮುಚ್ಚಳವನ್ನು ಬಿಗಿಯದೆ ಸಡಿಲಾಗಿ ಮುಚ್ಚಿ ನೆರಳಿನಲ್ಲಿಡಬೇಕು. ಪ್ರತಿದಿನವೂ ಒಣಗಿದ ಸ್ವಚ್ಛವಾದ ಚಮಚದಿಂದ ಕಲಸಿ ಮತ್ತೆ ಒತ್ತಿ, ಹಿಂಡಿಯು ರಸದ ಕೆಳಗೆ ಮುಳುಗಿರುವಂತೆ ನೋಡಿಕೊಳ್ಳತಕ್ಕದ್ದು.

ಎರಡು ಮೂರು ದಿನಗಳಲ್ಲಿ ಗುಳ್ಳೆಗಳೇಳುವುವು. ಏಳರಿಂದ ಹತ್ತು ದಿನಗಳಲ್ಲಿ ಹಿತವಾದ ಹುಳಿವಾಸನೆ ಬರುವುದು. ಮೇಲೆ ತೆಳ್ಳಗಿನ ಬಿಳಿಯ ಕೆನೆ ಕಟ್ಟಿದರೆ ಅದನ್ನು ತೆಗೆದುಹಾಕಿ ಮುಂದುವರಿಸಬಹುದು. ಹಸುರು, ಕಪ್ಪು ಅಥವಾ ಕೆಂಬಣ್ಣದ ಬೂಷ್ಟು ನೂಲಿನಂತೆ ಎದ್ದರೆ, ಇಲ್ಲವೆ ಕೊಳೆತ ನಾತ ಬಂದರೆ, ಜಾಡಿಯ ಸಮಸ್ತವನ್ನೂ ಚೆಲ್ಲತಕ್ಕದ್ದು. ಮೇಲ್ಭಾಗವನ್ನು ಮಾತ್ರ ತೆಗೆದು ಉಳಿದುದನ್ನು ತಿನ್ನುವುದು ಅಪಾಯಕರ.

ಬಳಿಕ ನಿಂಬೆಯ ರಸ ಅಥವಾ ವಿನಿಗರ್ ಬೆರೆಸಿ ನುಣ್ಣಗೆ ರುಬ್ಬಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಕುದಿನೀರಿನಲ್ಲಿ ತೊಳೆದ ಸೀಸೆಗಳಿಗೆ ಬಿಸಿಯಾಗಿಯೇ ತುಂಬಬೇಕು. ಕುದಿಸುವಾಗ ಕಿಟಕಿ ಬಾಗಿಲುಗಳು ತೆರೆದಿರಲಿ. ಹುಳಿಯನ್ನು ನಾಲಗೆಯಿಂದ ಅಳೆಯುವುದಕ್ಕಿಂತ ಪಿಎಚ್ ಕಾಗದದಿಂದ ಪರೀಕ್ಷಿಸುವುದು ಲೇಸು. ಪಿಎಚ್ ಅಂಕೆಯು 4ಕ್ಕಿಂತ ಕಡಿಮೆಯಿರತಕ್ಕದ್ದು, 4.6ಕ್ಕಿಂತ ಮೇಲಿದ್ದರೆ ಗಾಳಿಯಿಲ್ಲದ ಸೀಸೆಯಲ್ಲಿ ಬಾಟ್ಯುಲಿಸಂ ಎಂಬ ಮಾರಕ ರೋಗವನ್ನು ತರುವ ವಿಷವು ಹುಟ್ಟಬಹುದು. ಮೇಲೆ ಎಣ್ಣೆ ಹೊಯ್ದರೆ ಯಾವುದೂ ಕೆಡದೆಂಬ ಭರವಸೆಯು ಸಲ್ಲದು. ಎಣ್ಣೆಯು ಗಾಳಿಯನ್ನು ತಡೆಯುವುದೇ ಹೊರತು ಹುಳಿಯ ಕೆಲಸವನ್ನು ಮಾಡಲಾರದು. ತೆರೆದ ಸೀಸೆಯನ್ನು ಫ್ರಿಜ್ಜಿನಲ್ಲಿಡುವುದು ಉತ್ತಮ.

ಕೆಲಸ ಮಾಡುವವರು ಕೈಚೀಲ ಧರಿಸತಕ್ಕದ್ದು, ಕಣ್ಣನ್ನು ಮುಟ್ಟಕೂಡದು. ಖಾರದ ಸತ್ವವು ನೀರಿನಲ್ಲಿ ಸುಲಭವಾಗಿ ಕರಗದು, ಎಣ್ಣೆಯಲ್ಲಿ ಕರಗುವುದು. ಕೈ ಉರಿದರೆ ಮೊದಲು ಕೊಬ್ಬರಿಯೆಣ್ಣೆ ತಿಕ್ಕಿ, ಅನಂತರ ಸಾಬೂನಿನಿಂದ ತೊಳೆಯಬೇಕು.

ಒಂದೆರಡು ಜಾಡಿ ರಂಜಕದಿಂದ ಪೇಟೆಯ ಧಾರಣೆಯು ಏರದು. ಹಾಗೆಂದು ಯಾರೂ ಭ್ರಮಿಸಬಾರದು. ಆದರೆ ಕಣಕ್ಕೆ ಹೋಗದ ಹಣ್ಣಿಗೆ ಮನೆಯಲ್ಲಿಯೇ ಒಂದು ಬೆಲೆಯುಂಟಾಗುವುದು. ಗ್ರಾಮದ ಮುಖಂಡರೂ ಜಮೀನುದಾರರೂ ಈ ಸುಗ್ಗಿಯಲ್ಲಿ ಒಂದೇ ಕಿಲೋಗ್ರಾಂ ಹಣ್ಣಿನಿಂದ ಪ್ರಾರಂಭಿಸಿ, ಜಾಡಿಯ ಮೇಲೆ ತಾರೀಖು, ಹಣ್ಣಿನ ತೂಕ, ಉಪ್ಪಿನ ತೂಕ ಇವನ್ನು ಬರೆಯಿಸುವುದು ಯುಕ್ತ. ಕೈ ಪಳಗಿದ ಮೇಲೆ ಊರಿನ ಮಹಿಳಾ ಸಂಘದವರು ಮಾರಾಟಕ್ಕೂ ಮುಂದಾಗಬಹುದು. ಆಗ 2006ರ ಆಹಾರ ಸುರಕ್ಷತಾ ಕಾಯಿದೆಯ ಮೇರೆಗೆ ಮೊದಲೇ ನೋಂದಣಿ ಮಾಡಿಸತಕ್ಕದ್ದು. ಮೊದಲ ಜಾಡಿಯು ಕೆಟ್ಟರೆ ನಷ್ಟವು ಒಂದು ಕಿಲೋಗ್ರಾಂ ಹಣ್ಣಷ್ಟೆ. ತೂಕವನ್ನು ಬರೆದಿಟ್ಟಿದ್ದರೆ, ಏಕೆ ಕೆಟ್ಟಿತೆಂಬುದು ತಿಳಿದು ಎರಡನೆಯ ಜಾಡಿಯು ಉಳಿಯುವುದು.