ಆಟಿಕೆಯಷ್ಟೇ ಮುಖ್ಯ ಅದರ ಪೆಟ್ಟಿಗೆ

ಹೊಸ ಆಟಿಕೆ ಮನೆಗೆ ಬಂದೊಡನೆ ನೀವೇನು ಮಾಡುತ್ತೀರಿ? ಪೆಟ್ಟಿಗೆ ಹರಿದು ಎಸೆದು ಆಟಿಕೆಯನ್ನು ಕೈಗೆತ್ತಿಕೊಳ್ಳುತ್ತೀರಿ, ಅಲ್ಲವೇ? ಆದರೆ ಹಳೆಯ ಆಟಿಕೆಗಳನ್ನು ಸಂಗ್ರಹಿಸುವವರು ಪೆಟ್ಟಿಗೆಯನ್ನೂ ಜೋಪಾನ ಮಾಡುತ್ತಾರೆ. ಏಕೆ ಗೊತ್ತೇ? ಇಂಗ್ಲೆಂಡಿನ ಒಂದು ಆಟದ ಕಥೆ ಕೇಳಿ.

ಎರಡನೆಯ ಮಹಾಯುದ್ಧ ಮುಗಿದ ಬಳಿಕ, 1946-47ರಲ್ಲಿ, ಪೀಟರ್ ಅಡಾಲ್ಫ್ ಎಂಬುವರು ಮೇಜಿನ ಮೇಲೆ ಆಡುವ ಫುಟ್‌ಬಾಲ್ ಆಟವನ್ನು ರೂಪಿಸಿದರು. ಪಕ್ಷಿಗಳೆಂದರೆ ಅವರಿಗೆ ಬಲು ಆಸಕ್ತಿ. ಆಟಕ್ಕೆ 'ಹಾಬಿ' ಎಂದು ಹೆಸರಿಡಲು ಬಯಸಿದರು. ಇಂಗ್ಲಿಷಿನಲ್ಲಿ ಹಾಬಿ ಎಂದರೆ ಹವ್ಯಾಸ. ಅದು ಒಂದು ಬೇಟೆ ಹಕ್ಕಿಯ ಹೆಸರೂ ಹೌದು. ಆ ಹೆಸರನ್ನು ನೋಂದಾಯಿಸಲು ಒಪ್ಪಿಗೆ ಸಿಗಲಿಲ್ಲ. ಆಗ ಅವರು ಅದೇ ಹಕ್ಕಿಯ ವೈಜ್ಞಾನಿಕ ಹೆಸರಾದ 'ಫಾಲ್ಕೊ ಸಬೂಟಿಯೊ'ದಿಂದ 'ಸಬೂಟಿಯೊ' ಎಂಬ ಪದವನ್ನು ಆರಿಸಿಕೊಂಡರು!

ಮೊದಲ ಆಟಗಾರರು ಚಪ್ಪಟೆ ರಟ್ಟಿನವರು. ಅಂಕಣವನ್ನು ಕಂಬಳಿಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಳ್ಳಬೇಕಿತ್ತು. 1961ರಲ್ಲಿ ಪ್ಲಾಸ್ಟಿಕ್ ಆಟಗಾರರು ಬಂದರು. ಕೇರಂ ಸ್ಟ್ರೈಕರ್ ಹೊಡೆಯುವಂತೆ ಇವರನ್ನು ಬೆರಳಿನಿಂದ ಚಿಮ್ಮಿಸಬೇಕು. ತಳ ಉಬ್ಬಾಗಿ, ಭಾರವಾಗಿರುವುದರಿಂದ ಗುರುತ್ವ ಕೇಂದ್ರ ಕೆಳಗಿರುತ್ತದೆ. ಆದ್ದರಿಂದ ಆಟಗಾರ ಓಲಾಡಿದರೂ, ತಂಜಾವೂರು ಬೊಂಬೆಯಂತೆ, ಮತ್ತೆ ನೆಟ್ಟಗೆ ನಿಲ್ಲುತ್ತಾನೆ.

ಈಗ ಪೆಟ್ಟಿಗೆಯ ವಿಷಯ. ಕೆಂಪು ಅಂಗಿ, ಬಿಳಿ ಚಡ್ಡಿ ತೊಟ್ಟ ತಂಡಗಳು ಹಲವಿವೆ. ಆಟಗಾರರನ್ನು ಮಾತ್ರ ನೋಡಿದರೆ ಅದು ಯಾವ ತಂಡವೆಂದು ಹೇಳುವುದು ಕಷ್ಟ. ಪೆಟ್ಟಿಗೆಯ ಚೀಟಿಯಲ್ಲಿರುವ ಸಂಖ್ಯೆ ಮತ್ತು ಹೆಸರು ಅದನ್ನು ತಿಳಿಸುತ್ತವೆ. ಪೆಟ್ಟಿಗೆಯ ವಿನ್ಯಾಸವೂ ಕಾಲಕಾಲಕ್ಕೆ ಬದಲಾಯಿತು. ಹಾಗಾಗಿ ಅದು ತಂಡದ ವಯಸ್ಸನ್ನೂ ಸೂಚಿಸುತ್ತದೆ. ಆದರೆ ಎಚ್ಚರ! ಒಂದು ಕಾಲದ ಪೆಟ್ಟಿಗೆಯಲ್ಲಿ ಇನ್ನೊಂದು ಕಾಲದ ಆಟಗಾರರು ಸೇರಿರಬಹುದು. ಎರಡೂ ಹೊಂದುತ್ತವೆಯೇ ಎಂದು ಪರೀಕ್ಷಿಸಬೇಕು. ವಿಜ್ಞಾನಿಯೂ ಹೀಗೆಯೇ ಒಂದು ಸಾಕ್ಷ್ಯವನ್ನು ಇನ್ನೊಂದರೊಡನೆ ಹೋಲಿಸಿ ನೋಡುತ್ತಾನೆ.

ಪೆಟ್ಟಿಗೆ ಬೇಗ ಹಾಳಾಗುವುದೇಕೆ? ಅಗ್ಗದ ರಟ್ಟನ್ನು ಮರದ ತಿರುಳಿನಿಂದ ಮಾಡುತ್ತಾರೆ. ಅದರಲ್ಲಿ ಲಿಗ್ನಿನ್ ಎಂಬ ವಸ್ತುವಿದೆ. ಬೆಳಕು ಮತ್ತು ಗಾಳಿಯ ಆಮ್ಲಜನಕ ತಾಗಿದಾಗ ಅದು ಹಳದಿಯಾಗುತ್ತದೆ. ಕಾಗದದಲ್ಲಿರುವ ಆಮ್ಲ ಅದರ ನಾರುಗಳನ್ನು ಕಡಿದುಹಾಕುವುದರಿಂದ ರಟ್ಟು ಪುಡಿಯಾಗುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳಿಂದ ಬಣ್ಣ ಮಾಸುತ್ತದೆ. ತೇವವಿದ್ದರೆ ಬೂಷ್ಟು ಹಿಡಿಯುತ್ತದೆ. ಹರಿದ ಕಡೆ ಅಂಟುಪಟ್ಟಿ ಹಚ್ಚಿದರೆ, ವರ್ಷಗಳ ನಂತರ ಅದರ ಅಂಟು ಕಂದು ಕಲೆ ಬಿಡುತ್ತದೆ. ಪೆಟ್ಟಿಗೆಯನ್ನು ಬಿಸಿಲು ಬೀಳದ, ಒಣಗಿದ ಜಾಗದಲ್ಲಿ ಇಡುವುದೇ ಸರಿಯಾದ ದಾರಿ.

ಮಾಡಿ ನೋಡಿ: ದಿನಪತ್ರಿಕೆಯ ಎರಡು ತುಂಡುಗಳನ್ನು ಕತ್ತರಿಸಿ. ಒಂದನ್ನು ಬಿಸಿಲಿನಲ್ಲಿಡಿ. ಇನ್ನೊಂದನ್ನು ಪುಸ್ತಕದೊಳಗೆ ಇಡಿ. ಹತ್ತು ದಿನಗಳ ನಂತರ ಹೋಲಿಸಿ. ಏನು ವ್ಯತ್ಯಾಸ ಕಂಡಿತು?

ಪೆಟ್ಟಿಗೆ ಕಳೆದರೆ ಆಟಿಕೆಯೇನೋ ಉಳಿಯುತ್ತದೆ. ಆದರೆ ಅದರ ಊರು, ಹೆಸರು, ಕಾಲವನ್ನು ಹೇಳುವ ಸಾಕ್ಷಿ ಹೋಗುತ್ತದೆ. ಮುಂದಿನ ಸಲ ಪೆಟ್ಟಿಗೆ ಎಸೆಯುವ ಮೊದಲು ಅದರ ಮೇಲೇನು ಬರೆದಿದೆ ಎಂದು ಓದಿ ನೋಡಿ.