ಗಣಕಯಂತ್ರದ ರಕ್ಷಣೆ: ಮದ್ದು ಮನೆಯಲ್ಲೇ ಇದೆ, ಸೇವಿಸುವವರಿಲ್ಲ

2017ರ ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶ ಕೆಲವೇ ಗಂಟೆಗಳಲ್ಲಿ ಜಗತ್ತನ್ನು ವ್ಯಾಪಿಸಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳು ಅದಕ್ಕೆ ತುತ್ತಾದವು. ಯಂತ್ರದಲ್ಲಿದ್ದ ಕಡತಗಳಿಗೆಲ್ಲ ಗೂಢಲಿಪಿಯ ಬೀಗ ಜಡಿದು, ಬಿಡುಗಡೆಗೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಒತ್ತೆಹಣ ಕೇಳುವುದು ಅದರ ವಿಧಾನವಾಗಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ನಿಗದಿತ ತಪಾಸಣೆ ಹಾಗೂ ಶಸ್ತ್ರಚಿಕಿತ್ಸೆಗಳು ರದ್ದಾದವು.

ಆದರೆ ಈ ರೋಗಕ್ಕೆ ಮದ್ದು ಅದಾಗಲೇ ಸಿದ್ಧವಾಗಿತ್ತು. ವಾನಾಕ್ರೈ ನುಸುಳಿದ ದೋಷವನ್ನು ಮುಚ್ಚುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ದಾಳಿಗೂ ಮದ್ದಿಗೂ ನಡುವೆ 59 ದಿನಗಳ ಅಂತರವಿತ್ತು. ಪರಿಷ್ಕರಣೆಯನ್ನು ಅಳವಡಿಸಿಕೊಂಡವರು ಈ ದಾಳಿಯಿಂದ ಪಾರಾದರು. ‘ನಾಳೆ ನೋಡೋಣ’ ಎಂದವರು ಕಡತ ಕಳೆದುಕೊಂಡರು.

ಮನೆಯಲ್ಲಿ, ಅಂಗಡಿಯಲ್ಲಿ, ಸಣ್ಣ ಕಚೇರಿಯಲ್ಲಿ ಗಣಕಯಂತ್ರ ಬಳಸುವ ಸಾಮಾನ್ಯರಿಗೆ ಇದರಲ್ಲಿ ಪಾಠವಿದೆ. ರಕ್ಷಣೆ ಎಂಬುದು ದುಬಾರಿ ತಂತ್ರಾಂಶ ಕೊಳ್ಳುವುದರಿಂದ ಬರುವಂಥದ್ದಲ್ಲ. ಅದು ದಿನನಿತ್ಯದ ಕೆಲವು ಸಣ್ಣ ಅಭ್ಯಾಸಗಳಿಂದ ಬರುವಂಥದ್ದು.

ಪರಿಷ್ಕರಣೆ ಮುಂದೂಡದಿರಿ

‘ಅಪ್‌ಡೇಟ್ ಲಭ್ಯವಿದೆ’ ಎಂಬ ಸೂಚನೆ ಪರದೆಯ ಮೇಲೆ ಮೂಡಿದಾಗ ಅದನ್ನು ತಳ್ಳಿಹಾಕುವವರೇ ಹೆಚ್ಚು. ಇಂತಹ ಪರಿಷ್ಕರಣೆಗಳಲ್ಲಿ ಹೊಸ ಸೌಲಭ್ಯಗಳಿಗಿಂತ ರಕ್ಷಣಾ ದೋಷಗಳ ದುರಸ್ತಿಯೇ ಮುಖ್ಯವಾಗಿರುತ್ತದೆ. ದೋಷ ಯಾವುದೆಂಬುದು ಪ್ರಕಟವಾದ ಕ್ಷಣದಿಂದ ದುಷ್ಕರ್ಮಿಗಳಿಗೂ ಅದರ ಸುಳಿವು ಸಿಕ್ಕಂತೆಯೇ. ಆದ್ದರಿಂದ ಕಾರ್ಯಾಚರಣ ವ್ಯವಸ್ಥೆ ಮತ್ತು ಬ್ರೌಸರ್ ಎರಡಕ್ಕೂ ತಾನಾಗಿಯೇ ಪರಿಷ್ಕರಣೆ ಆಗುವ ಏರ್ಪಾಡು ಮಾಡಿಟ್ಟುಕೊಳ್ಳುವುದು ಒಳಿತು.

ವಿಂಡೋಸ್ 10 ಬಳಸುತ್ತಿರುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಆ ಆವೃತ್ತಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಆ ಬಳಿಕದ ರಕ್ಷಣಾ ಪರಿಷ್ಕರಣೆಗಳಿಗೆ ಪ್ರತ್ಯೇಕ ನೋಂದಣಿ ಬೇಕು. ಯಂತ್ರಕ್ಕೆ ಅರ್ಹತೆಯಿದ್ದರೆ ವಿಂಡೋಸ್ 11ಕ್ಕೆ ಬದಲಾಗಬಹುದು. ಹಳೆಯ ಯಂತ್ರವಾದರೆ ಉಚಿತವಾಗಿ ಲಭ್ಯವಿರುವ, ಕನ್ನಡಕ್ಕೂ ಬೆಂಬಲವಿರುವ ಉಬುಂಟುವಿನಂತಹ ಲಿನಕ್ಸ್ ಆವೃತ್ತಿಯ ಮೊರೆ ಹೋಗಬಹುದು. ನಕಲಿ ವಿಂಡೋಸ್ ಹಾಗೂ ‘ಕ್ರ್ಯಾಕ್’ ಮಾಡಿದ ತಂತ್ರಾಂಶಗಳಿಂದ ಉಳಿಯುವ ಹಣ ದೊಡ್ಡದಲ್ಲ. ಅವುಗಳೊಂದಿಗೆ ಏನೇನು ಒಳಬಂದಿದೆ ಎಂಬುದು ಬಳಕೆದಾರನಿಗೆ ತಿಳಿಯುವುದೂ ಇಲ್ಲ.

ಪ್ರತಿ ಇಲ್ಲದ ಕಡತ ಇದ್ದೂ ಇಲ್ಲದಂತೆ

ಕೆಟ್ಟುಹೋದ ಕೀಲಿಮಣೆ, ಮಾನಿಟರ್, ಹಾರ್ಡ್‌ಡಿಸ್ಕ್ ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮತ್ತೆ ಸಿಗುತ್ತವೆ. ಮಗಳ ಮದುವೆಯ ಛಾಯಾಚಿತ್ರಗಳು, ಅಂಗಡಿಯ ಐದು ವರ್ಷದ ಲೆಕ್ಕ, ತೆರಿಗೆ ದಾಖಲೆ, ಅರ್ಧ ಬರೆದಿಟ್ಟ ಸಂಶೋಧನಾ ಪ್ರಬಂಧ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಗಣಕಯಂತ್ರದಲ್ಲಿ ನಿಜಕ್ಕೂ ಬೆಲೆಬಾಳುವುದು ಅದರೊಳಗಿನ ಮಾಹಿತಿಯೇ.

ಇದರ ರಕ್ಷಣೆಗೆ ‘3-2-1’ ಎಂಬ ಸರಳ ಸೂತ್ರ ಬಳಕೆಯಲ್ಲಿದೆ. ಮುಖ್ಯ ಕಡತಗಳ ಒಟ್ಟು ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿ ಮನೆಯಿಂದ ಹೊರಗಿರಬೇಕು. ಉದಾಹರಣೆಗೆ, ಗಣಕಯಂತ್ರದಲ್ಲಿ ಮೂಲ ಕಡತ, ಬಾಹ್ಯ ಹಾರ್ಡ್‌ಡಿಸ್ಕ್‌ನಲ್ಲಿ ಒಂದು ಪ್ರತಿ, ಅಂತರಜಾಲದ ಸಂಗ್ರಹತಾಣದಲ್ಲಿ ಮತ್ತೊಂದು ಪ್ರತಿ. ಬೆಂಕಿ, ಕಳ್ಳತನ, ನೆರೆ ಯಾವುದೇ ಬಂದರೂ ಒಂದಾದರೂ ಉಳಿದೀತು ಎಂಬುದು ಇದರ ಹಿಂದಿನ ತರ್ಕ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಬಾಹ್ಯ ಡಿಸ್ಕ್ ಅನ್ನು ಸದಾ ಯಂತ್ರಕ್ಕೆ ಜೋಡಿಸಿಯೇ ಇಟ್ಟರೆ ಒತ್ತೆಹಣದ ಕುತಂತ್ರಾಂಶ ಅದಕ್ಕೂ ಬೀಗ ಹಾಕುತ್ತದೆ. ಪ್ರತಿ ಮಾಡಿದ ಕೂಡಲೇ ಅದನ್ನು ಕಳಚಿ ಬೇರೆಡೆ ಇಡಬೇಕು. ಎರಡನೆಯದಾಗಿ, ಯಂತ್ರದೊಡನೆ ತಾನಾಗಿ ಹೊಂದಿಕೊಳ್ಳುವ ಸಂಗ್ರಹತಾಣವೊಂದನ್ನೇ ನಂಬಿ ಕೂರಬಾರದು. ಇತ್ತ ಕಡತ ಅಳಿಸಿದರೆ ಅತ್ತಲೂ ಅದು ಅಳಿಯುತ್ತದೆ. ಪ್ರತಿ ಸರಿಯಾಗಿದೆಯೇ ಎಂದು ಆಗಾಗ್ಗೆ ತೆರೆದು ನೋಡುವುದೂ ಅಷ್ಟೇ ಮುಖ್ಯ.

ಹೆಸರಿನ ಬಾಲ ಗಮನಿಸಿ

2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ಸೋಗಿನಲ್ಲಿ ‘ಐ ಲವ್ ಯೂ’ ವೈರಸ್ ಇ-ಮೇಲ್ ಮೂಲಕ ಹಬ್ಬಿತ್ತು. ಅದರ ಲಗತ್ತು ನೋಡುವುದಕ್ಕೆ ಸಾಧಾರಣ ಪಠ್ಯ ಕಡತದಂತಿತ್ತು. ಅದು ಕಡತವಲ್ಲ, ಕ್ರಮವಿಧಿ ಎಂಬುದನ್ನು ತೋರಿಸುವ ಕೊನೆಯ ಮೂರು ಅಕ್ಷರಗಳನ್ನು ವಿಂಡೋಸ್ ಬಚ್ಚಿಟ್ಟಿತ್ತು. ಇಂದಿಗೂ ವಿಂಡೋಸ್‌ನಲ್ಲಿ ಮೊದಲಿನಿಂದ ಇರುವ ಏರ್ಪಾಡು ಅದೇ. ‘ಫೈಲ್ ಎಕ್ಸ್‌ಪ್ಲೋರರ್’ನ ‘ವ್ಯೂ’ ವಿಭಾಗದಲ್ಲಿ ಕಡತದ ಪೂರ್ಣ ಹೆಸರು ಕಾಣುವ ಆಯ್ಕೆಯನ್ನು ಒಮ್ಮೆ ಗುರುತು ಮಾಡಿಟ್ಟರೆ ಈ ಮೋಸ ಬಯಲಾಗುತ್ತದೆ. ‘ಬಿಲ್’ ಅಥವಾ ‘ಕೊರಿಯರ್ ರಸೀದಿ’ ಎಂದು ಬಂದ ಕಡತದ ಹೆಸರು ‘.ಇಎಕ್ಸ್ಇ’ ಎಂದು ಕೊನೆಗೊಂಡಿದ್ದರೆ ಅದನ್ನು ತೆರೆಯಬಾರದು.

‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಪರದೆ ತುಂಬ ಎಚ್ಚರಿಕೆ ಬಂದರೆ ಅದೂ ಬಲೆಯೇ. ಮೈಕ್ರೋಸಾಫ್ಟ್‌ನ ಎಚ್ಚರಿಕೆ ಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಕರೆ ಮಾಡಿದವರು ಹೇಳಿದ ತಂತ್ರಾಂಶ ಅಳವಡಿಸಿ ಯಂತ್ರದ ನಿಯಂತ್ರಣವನ್ನು ಅವರಿಗೆ ಒಪ್ಪಿಸಿದರೆ, ಮನೆಯ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟಂತೆ. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಎಷ್ಟು ಬೇಗ ದೂರು ನೀಡಲಾಗುತ್ತದೆಯೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಗುಪ್ತಪದ ಉದ್ದವಿರಲಿ

ಗುಪ್ತಪದವನ್ನು ಆಗಾಗ್ಗೆ ಬದಲಿಸುತ್ತಿರಬೇಕು ಎಂಬುದು ಹಳೆಯ ಉಪದೇಶ. ಅಮೆರಿಕದ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ ಈ ನಿಯಮವನ್ನು ಕೈಬಿಟ್ಟಿತು. ಪದೇಪದೇ ಬದಲಿಸಬೇಕಾದಾಗ ಜನರು ಹಳೆಯದಕ್ಕೇ ಒಂದು ಅಂಕಿ ಸೇರಿಸುತ್ತಾರೆ ಎಂಬುದು ಅನುಭವ. ಅದಕ್ಕಿಂತ ಉದ್ದನೆಯ, ಒಂದು ಖಾತೆಗೆ ಒಂದೇ ಎಂಬಂತಹ ಗುಪ್ತಪದ ಮೇಲು. ಸೋರಿಕೆಯ ಸಂಶಯ ಬಂದಾಗ ಮಾತ್ರ ತಪ್ಪದೆ ಬದಲಿಸಬೇಕು. ಇ-ಮೇಲ್ ಮತ್ತು ಬ್ಯಾಂಕ್ ಖಾತೆಗಳಿಗೆ ಎರಡು ಹಂತದ ದೃಢೀಕರಣ ಇರಲೇಬೇಕು. ಇ-ಮೇಲ್ ಕೈತಪ್ಪಿದರೆ ಉಳಿದೆಲ್ಲ ಖಾತೆಗಳ ಗುಪ್ತಪದವನ್ನು ಅದರ ಮೂಲಕವೇ ಬದಲಿಸಬಹುದು ಎಂಬುದನ್ನು ಮರೆಯಬಾರದು.

ವಿಂಡೋಸ್ 10 ಮತ್ತು 11ರಲ್ಲಿ ವೈರಸ್ ನಿರೋಧಕ ತಂತ್ರಾಂಶ ಅಂತರ್ಗತವಾಗಿಯೇ ಇದೆ. ಅದನ್ನು ಚಾಲನೆಯಲ್ಲಿಟ್ಟರೆ ಸಾಮಾನ್ಯ ಬಳಕೆಗೆ ಸಾಕು. ಏಕಕಾಲಕ್ಕೆ ಎರಡು ನಿರೋಧಕಗಳನ್ನು ಓಡಿಸಿದರೆ ಯಂತ್ರ ನಿಧಾನವಾಗುತ್ತದೆಯೇ ಹೊರತು ರಕ್ಷಣೆ ಇಮ್ಮಡಿಯಾಗದು. ಸೋಂಕಿನ ಅನುಮಾನವಿದ್ದವರಿಗೆ ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ಉಚಿತ ಶುಚಿಗೊಳಿಸುವ ಸಾಧನಗಳಿವೆ.

ಸಿಡಿಲು, ದೂಳು, ಸೆಕೆ

ಯಂತ್ರದ ದೈಹಿಕ ಆರೈಕೆಯೂ ರಕ್ಷಣೆಯ ಭಾಗವೇ. ಮುಂಗಾರಿಗೆ ಮುನ್ನ ಗುಡುಗು ಸಿಡಿಲಿನ ಮಳೆ ಬರುವಾಗ ಯಂತ್ರವನ್ನು ಆರಿಸಿದರಷ್ಟೇ ಸಾಲದು, ಪ್ಲಗ್ ಕಳಚಬೇಕು. ತಂತಿಯ ಮೂಲಕ ಬರುವ ಅಂತರಜಾಲ ಸಂಪರ್ಕವಿದ್ದರೆ ಅದನ್ನೂ ಬಿಡಿಸಬೇಕು. ವಿದ್ಯುತ್ ಆಗಾಗ್ಗೆ ಕೈಕೊಡುವ ಊರುಗಳಲ್ಲಿ ಯುಪಿಎಸ್ ಇದ್ದರೆ ತೆರೆದ ಕಡತಗಳನ್ನು ಉಳಿಸಿ ಯಂತ್ರವನ್ನು ಕ್ರಮಬದ್ಧವಾಗಿ ಮುಚ್ಚಲು ಸಮಯ ಸಿಗುತ್ತದೆ.

ಗಾಳಿಕಿಂಡಿಗಳಲ್ಲಿ ದೂಳು ಕಟ್ಟಿದರೆ ಯಂತ್ರ ಕಾಯುತ್ತದೆ, ಕಾದರೆ ನಿಧಾನವಾಗುತ್ತದೆ. ಕೆಲವು ತಿಂಗಳಿಗೊಮ್ಮೆ ವಿದ್ಯುತ್ ಸಂಪರ್ಕ ತಪ್ಪಿಸಿ ಮೆದು ಕುಂಚದಿಂದ ದೂಳು ತೆಗೆಯಬಹುದು. ಲ್ಯಾಪ್‌ಟಾಪ್ ಅನ್ನು ಹಾಸಿಗೆ, ದಿಂಬಿನ ಮೇಲಿಟ್ಟು ಬಳಸಿದರೆ ಗಾಳಿ ಆಡುವುದಿಲ್ಲ. ಹಾರ್ಡ್‌ಡಿಸ್ಕ್‌ನಿಂದ ‘ಟಕ್ ಟಕ್’ ಸದ್ದು ಕೇಳಿಬಂದರೆ ಬೇರೆಲ್ಲ ಕೆಲಸ ಬಿಟ್ಟು ಮುಖ್ಯ ಕಡತಗಳನ್ನು ಮೊದಲು ನಕಲು ಮಾಡಿಕೊಳ್ಳಬೇಕು. ಹೊಸ ಯಂತ್ರಗಳ ಎಸ್‌ಎಸ್‌ಡಿ ಸಂಗ್ರಹಕ್ಕೆ ಹಳೆಯ ಕಾಲದ ‘ಡಿಫ್ರಾಗ್’ ಅಗತ್ಯವಿಲ್ಲ.

ಒಟ್ಟಿನಲ್ಲಿ, ಪರಿಷ್ಕರಣೆ ಬಂದ ದಿನವೇ ಅಳವಡಿಕೆ, ವಾರಕ್ಕೊಮ್ಮೆ ಕಡತಗಳ ಪ್ರತಿ, ತಿಂಗಳಿಗೊಮ್ಮೆ ಆ ಪ್ರತಿಯ ಪರೀಕ್ಷೆ. ಇಷ್ಟಕ್ಕೆ ತಗಲುವುದು ವಾರದಲ್ಲಿ ಅರ್ಧ ಗಂಟೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ. ವಾನಾಕ್ರೈ ಬಂದಾಗ ಬಾಗಿಲು ಮುಚ್ಚಲು 59 ದಿನಗಳ ಕಾಲಾವಕಾಶವಾದರೂ ಇತ್ತು. ಮುಂದಿನ ದಾಳಿ ಅಷ್ಟು ದಿನ ಕಾಯುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ.