ನೀರು ಕೊಟ್ಟೇ ಕೊಲ್ಲಹೊರಟಿದ್ದೆ!

ಭಾನುವಾರ ಬೆಳಿಗ್ಗೆ ಅಮ್ಮನ ವಿಡಿಯೊ ಕಾಲ್ ಬಂತೆಂದರೆ ನಾನು ಮಂಚದ ಆ ತುದಿಗೆ ಹೋಗಿ ಕೂರುತ್ತಿದ್ದೆ. ಕಿಟಕಿ ಅವಳಿಗೆ ಕಾಣಬಾರದು. ಕಿಟಕಿ ಕಂಡರೆ ಅಲ್ಲಿಟ್ಟ ಜೇಡ್ ಗಿಡ ಕಾಣುತ್ತದೆ, ಗಿಡ ಕಂಡರೆ ಹಳದಿ ಎಲೆ ಕಾಣುತ್ತದೆ. ‘ಗಿಡ ಹೆಂಗಿದ್ಯೇ?’ ಅಂತ ಅವಳು ಕೇಳುವುದು, ‘ಚೆನ್ನಾಗಿದೆಯಮ್ಮ’ ಅಂತ ನಾನು ಹೇಳುವುದು. ಹೀಗೆ ಮೂರು ಭಾನುವಾರ ಸುಳ್ಳು ಹೇಳಿದ್ದೆ.

ಒಂದು ಕುಂಡದ ಗಿಡಕ್ಕೆ ಇಷ್ಟು ಯಾಕೆ ಅನ್ನುತ್ತೀರಾ? ಅದು ದೊಡ್ಡಮ್ಮನ ಗಿಡ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗಲಿ ಮೂಲೆಯಲ್ಲಿ ಅದು ನನಗೆ ಬುದ್ಧಿ ಬಂದಾಗಿನಿಂದ ಇತ್ತು. ಬೋನ್ಸಾಯ್ ಹಾಗೆ ದಪ್ಪ ಕಾಂಡ, ನಾಣ್ಯದಂತೆ ದುಂಡಗಿನ ದಪ್ಪ ಎಲೆ. ಎರಡು ವರ್ಷದ ಹಿಂದೆ ದೊಡ್ಡಮ್ಮ ತೀರಿಕೊಂಡರು. ಹೋದ ಮಳೆಗಾಲದಲ್ಲಿ ಮನೆಯ ಹೆಂಚು ತೆಗೆಸುವಾಗ ಯಾರೋ ಕುಂಡವನ್ನು ಅಂಗಳಕ್ಕೆ ಇಟ್ಟರು, ಮರಳಿ ಒಳಗೆ ಇಡಲು ಎಲ್ಲರೂ ಮರೆತರು. ಮಲೆನಾಡಿನ ಮಳೆ ಎಂದರೆ ಗೊತ್ತಲ್ಲ, ವಾರದಲ್ಲಿ ಗಿಡ ಬುಡಸಮೇತ ಕೊಳೆತು ಮಲಗಿತು. ಅದಕ್ಕೂ ಮೊದಲೇ ಅಮ್ಮ ಒಂದು ಕೊಂಬೆ ಮುರಿದು ಚಿಕ್ಕ ಕುಂಡದಲ್ಲಿ ನೆಟ್ಟಿದ್ದಳು. ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದಾಗ ಅದನ್ನೇ ಬ್ಯಾಗಿನ ಮೇಲಿಟ್ಟು ಕಳುಹಿಸಿದಳು. ಅಂದರೆ ದೊಡ್ಡಮ್ಮನ ಗಿಡದ್ದು ಅಂತ ಉಳಿದಿದ್ದು ಅದೊಂದೇ.

ಅದನ್ನು ನಾನು ಬಹಳ ಪ್ರೀತಿಯಿಂದ ನೋಡಿಕೊಂಡೆ. ಸಮಸ್ಯೆ ಆಗಿದ್ದೇ ಅಲ್ಲಿ.

ಪಿ.ಜಿ.ಗೆ ಬಂದ ವಾರವೇ ಅಂಗಡಿಯಿಂದ ಬಿಳಿ ಪಿಂಗಾಣಿ ಕುಂಡ ತಂದೆ. ನೋಡಲು ಚೆಂದ, ಆದರೆ ಕೆಳಗೆ ತೂತೇ ಇಲ್ಲ. ರೂಮಿನ ನೆಲ ಗಲೀಜಾಗುವುದಿಲ್ಲ ಎಂದು ಅದನ್ನೇ ಅನುಕೂಲ ಅಂದುಕೊಂಡೆ. ದಿನಾ ಬೆಳಿಗ್ಗೆ ಹಲ್ಲುಜ್ಜಿ ಬಂದು ಅದಕ್ಕೆ ಒಂದು ಲೋಟ ನೀರು. ಆಫೀಸಿನಿಂದ ಬೇಜಾರಾಗಿ ಬಂದ ದಿನ ಇನ್ನರ್ಧ ಲೋಟ. ಆಗಸ್ಟ್ ತಿಂಗಳು, ಮೋಡ ಮುಚ್ಚಿದ ಬೆಂಗಳೂರು, ಕಿಟಕಿಯ ಎದುರಿಗೇ ಪಕ್ಕದ ಕಟ್ಟಡದ ಗೋಡೆ. ಒಂದು ದಿನ ಬುಡದ ನಾಲ್ಕು ಎಲೆ ಹಳದಿಯಾದವು. ಮುಟ್ಟಿದರೆ ಸಾಕು, ಪಟ್ಟನೆ ಕಳಚಿ ಬಿದ್ದವು. ಮೇಲಿನ ಕೆಲವು ಎಲೆ ಸುಕ್ಕುಗಟ್ಟಿದ್ದವು.

ಎಲೆ ಸುಕ್ಕಾಗಿದೆ ಎಂದರೆ ಬಾಯಾರಿಕೆ ತಾನೆ? ನೀರು ಹೆಚ್ಚಿಸಿದೆ. ಗೊಬ್ಬರ ಸಾಲದೇನೋ ಎಂದು ಮೊಬೈಲಿನಲ್ಲಿ ನೋಡಿ ಚಹಾ ಚರಟ ಹಾಕಿದೆ. ರೂಮ್‌ಮೇಟ್ ಮೊಟ್ಟೆ ಸಿಪ್ಪೆ ಪುಡಿ ಮಾಡಿ ಕೊಟ್ಟಳು, ಅದನ್ನೂ ಹಾಕಿದೆ. ಇನ್ನಷ್ಟು ಹಳದಿ. ಮಣ್ಣಿನಿಂದ ಕೊಳೆತ ಸೊಪ್ಪಿನ ವಾಸನೆ ಬೇರೆ ಶುರುವಾಯಿತು.

ಕೊನೆಗೆ ಕುಂಡವನ್ನು ಮಗುವಿನ ಹಾಗೆ ಎತ್ತಿಕೊಂಡು ಆಫೀಸಿನ ದಾರಿಯಲ್ಲಿರುವ ನರ್ಸರಿಗೆ ಹೋದೆ. ಅಲ್ಲಿಯ ಅಣ್ಣ ಎಲೆಯನ್ನು ನೋಡಲೇ ಇಲ್ಲ. ನೇರ ಮಣ್ಣಿಗೆ ಬೆರಳು ಹಾಕಿದರು.

‘ಎಷ್ಟು ದಿನಕ್ಕೊಂದ್ಸಲ ನೀರು ಹಾಕ್ತೀರ ಮೇಡಂ?’

‘ದಿನಾ.’

‘ಬತ್ತ ಬೆಳೀತಿದೀರಾ?’ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅದು ಯಾರ ಗಿಡ ಎಂದು ಹೇಳಿದೆ. ಅವರೂ ನಗು ನಿಲ್ಲಿಸಿ ಒಂದು ಹಳೇ ಪೇಪರ್ ಹಾಸಿದರು, ಗಿಡವನ್ನು ಕುಂಡದಿಂದ ಹೊರತೆಗೆದರು.

ಬೇರು ಬಿಳಿಯಾಗಿ ಗಟ್ಟಿಯಾಗಿರಬೇಕಿತ್ತು. ನನ್ನ ಗಿಡದ್ದು ಕಪ್ಪಾಗಿ, ಲೋಳೆಯಾಗಿ, ಎಳೆದರೆ ದಾರದಂತೆ ಕಿತ್ತು ಬರುತ್ತಿತ್ತು. ಬೇರಿಗೆ ನೀರು ಬೇಕಿರುವಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರೇ ನಿಂತರೆ ಬೇರು ಉಸಿರುಕಟ್ಟಿ ಸಾಯುತ್ತದೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತದೆ. ಸತ್ತ ಬೇರು ನೀರು ಹೀರುವುದಿಲ್ಲ. ಹಾಗಾಗಿ ನೀರಿನಲ್ಲೇ ನಿಂತಿದ್ದರೂ ಮೇಲಿನ ಎಲೆ ಬಾಯಾರಿ ಸುಕ್ಕಾಗುತ್ತದೆ. ನಾನು ಮೋಸ ಹೋಗಿದ್ದು ಇದಕ್ಕೇ. ಸುಕ್ಕು ನೋಡಿ ನೀರು ಹಾಕಿದೆ, ನೀರು ಹಾಕಿದಷ್ಟೂ ಸುಕ್ಕು ಹೆಚ್ಚಿತು.

ಜೇಡ್‌ನ ತವರು ದಕ್ಷಿಣ ಆಫ್ರಿಕಾ, ಮೊಜಾಂಬಿಕ್ ಕಡೆಯ ಒಣ ಗುಡ್ಡಗಳು. ಸಸ್ಯಶಾಸ್ತ್ರದ ಹೆಸರು ಕ್ರಾಸುಲ ಓವಾಟ. ಮಳೆ ಬಂದಾಗ ಎಲೆಯಲ್ಲಿ ನೀರು ತುಂಬಿಟ್ಟುಕೊಂಡು ತಿಂಗಳುಗಟ್ಟಲೆ ಸುಧಾರಿಸುವ ಜಾತಿ. ಬೇರೆ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಂಡರೆ, ಇದು ಬಿಸಿಲಿಗೆ ನೀರು ಆವಿಯಾಗದಿರಲಿ ಎಂದು ರಾತ್ರಿ ತೆರೆಯುತ್ತದೆ. ಆಗ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಎಲೆಯೊಳಗೆ ಕೂಡಿಟ್ಟು ಹಗಲು ಬಳಸುತ್ತದೆ.

ಈ ಗುಟ್ಟಿಗೂ ಬೆಂಗಳೂರಿಗೂ ನಂಟಿದೆ ಎಂದು ಆಮೇಲೆ ಓದಿ ತಿಳಿದೆ. ಚಿಕ್ಕವರಿದ್ದಾಗ ನಾವು ಮರಿ ಹುಟ್ಟುತ್ತದೆಂದು ಪುಸ್ತಕದೊಳಗೆ ಇಡುತ್ತಿದ್ದೆವಲ್ಲ ಕಾಡುಬಸಳೆ ಎಲೆ, ಅದೂ ಜೇಡ್‌ನ ಕುಟುಂಬದ್ದೇ. ಆ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ ಎಂದು ಬಾಯಲ್ಲಿಟ್ಟು ನೋಡಿ 1813ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಗೆ ಪತ್ರ ಬರೆದವರು ಬೆಂಜಮಿನ್ ಹೈನ್. ನಮ್ಮ ಲಾಲ್‌ಬಾಗ್ ತೋಟವನ್ನು ಒಂದು ಕಾಲದಲ್ಲಿ ನೋಡಿಕೊಂಡಿದ್ದ ಸಸ್ಯವಿಜ್ಞಾನಿ ಅವರು. ರಾತ್ರಿ ಕೂಡಿಟ್ಟ ಆಮ್ಲ ಹಗಲು ಖರ್ಚಾಗುವುದನ್ನು ಅವರ ನಾಲಿಗೆ ಕಂಡುಹಿಡಿದಿತ್ತು! ಇಷ್ಟು ಜಿಪುಣತನದಿಂದ ನೀರು ಉಳಿಸುವ ಗಿಡಕ್ಕೆ ನಾನು ದಿನಾ ಲೋಟಗಟ್ಟಲೆ ಸುರಿಯುತ್ತಿದ್ದೆ.

ಎಲೆ ಹಳದಿಯಾದರೆಲ್ಲ ಇದೇ ಕಾರಣ ಅಂತಲ್ಲ. ನರ್ಸರಿ ಅಣ್ಣ ಹೇಳಿಕೊಟ್ಟಿದ್ದನ್ನು, ನಾನು ಓದಿ ಕಲಿತಿದ್ದನ್ನು ಸೇರಿಸಿ ಹೇಳುತ್ತೇನೆ. ಎಲೆ ಹಳದಿಯಾಗಿ, ಮೆತ್ತಗಾಗಿ, ಮುಟ್ಟಿದರೆ ಉದುರಿದರೆ, ಮಣ್ಣೂ ಹಸಿಯಿದ್ದರೆ ನೀರು ಹೆಚ್ಚಾಗಿದೆ. ಎಲೆ ತೆಳ್ಳಗೆ ಸುಕ್ಕಾಗಿ, ಮಣ್ಣು ಪೂರ್ತಿ ಒಣಗಿದ್ದರೆ ನಿಜವಾದ ಬಾಯಾರಿಕೆ, ನೀರು ಹಾಕಿದರೆ ಕೆಲವೇ ದಿನದಲ್ಲಿ ತುಂಬಿಕೊಳ್ಳುತ್ತದೆ. ಗಿಡವೆಲ್ಲ ಚೆನ್ನಾಗಿದ್ದು ಬುಡದ ಒಂದೆರಡು ಹಳೇ ಎಲೆ ಮಾತ್ರ ಹಳದಿಯಾಗಿ ಒಣಗಿದರೆ ಅದು ವಯಸ್ಸು, ಚಿಂತೆ ಬೇಡ. ಎಲೆ ಬಿಳಚಿಕೊಂಡು, ಗಿಣ್ಣುಗಳ ನಡುವೆ ಅಂತರ ಹೆಚ್ಚಿ, ಕಿಟಕಿ ಕಡೆ ವಾಲುತ್ತಿದ್ದರೆ ಬೆಳಕು ಸಾಲದು. ಎಲೆ ಸಂದಿಯಲ್ಲಿ ಹತ್ತಿಯಂತಹ ಬಿಳಿ ಕಂಡರೆ ಹಿಟ್ಟು ತಿಗಣೆ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಬೇಕು, ಮೊದಲು ಒಂದು ಎಲೆಗೆ ಒರೆಸಿ ಎರಡು ದಿನ ನೋಡುವುದು ಒಳ್ಳೆಯದು. ಇನ್ನು ಎಲೆಯ ಅಂಚು ಬಿಸಿಲಿಗೆ ಕೆಂಪಾದರೆ ಅದು ರೋಗವಲ್ಲ.

ಮತ್ತೊಂದು ಮಾತು. ಜೇಡ್ ಎಂದು ಅಂಗಡಿಗಳಲ್ಲಿ ಕೊಡುವುದು ಎಷ್ಟೋ ಸಲ ಬೇರೆಯೇ ಗಿಡ. ಉಗುರಿನಷ್ಟು ಸಣ್ಣ ಎಲೆ, ಕೆಂಪು ಮಿಶ್ರಿತ ಕಾಂಡ ಇದ್ದರೆ ಅದು ಪೋರ್ಚುಲಕೇರಿಯ ಆಫ್ರಾ. ದಕ್ಷಿಣ ಆಫ್ರಿಕಾದಲ್ಲಿ ಆನೆಗಳು ಇಷ್ಟಪಟ್ಟು ತಿನ್ನುವುದರಿಂದ ಅದಕ್ಕೆ ಎಲಿಫೆಂಟ್ ಬುಷ್ ಎಂದೂ ಹೆಸರು. ಕುಟುಂಬ ಬೇರೆಯಾದರೂ ನಿಂತ ನೀರನ್ನು ಅದೂ ಸಹಿಸುವುದಿಲ್ಲ.

ನನ್ನ ಗಿಡಕ್ಕೆ ಆಪರೇಷನ್ನೇ ಆಯಿತು. ಬೇರು ಮಾತ್ರ ಸ್ವಲ್ಪ ಕೊಳೆತಿದ್ದರೆ ಕಪ್ಪು ಬೇರು ಕತ್ತರಿಸಿ, ಮೂರ್ನಾಲ್ಕು ದಿನ ನೆರಳಲ್ಲಿ ಒಣಗಿಸಿ, ಹೊಸ ಒಣ ಮಣ್ಣಿಗೆ ನೆಟ್ಟರೆ ಸಾಕಿತ್ತಂತೆ. ಆದರೆ ಕಾಂಡದ ಬುಡವನ್ನೇ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ‘ಬುಡ ಉಳಿಯಲ್ಲ, ತುದಿ ಉಳಿಸೋಣ’ ಎಂದರು ಅಣ್ಣ. ಬ್ಲೇಡನ್ನು ಸ್ಯಾನಿಟೈಸರ್‌ನಲ್ಲಿ ಒರೆಸಿ ಕಾಂಡ ಕತ್ತರಿಸಿದರು. ಒಳಗೆ ಕಂದು ಉಂಗುರ. ಇನ್ನೂ ಮೇಲೆ ಕತ್ತರಿಸಿದರು, ಮತ್ತೆ ಕಂದು. ನನಗೆ ಎದೆ ಡವಡವ. ಕೊನೆಗೆ ಒಳಗೆಲ್ಲ ಶುದ್ಧ ಹಸಿರು ಕಂಡಾಗ ನನ್ನ ಕೈಯಲ್ಲಿ ಉಳಿದಿದ್ದು ಬೆರಳುದ್ದದ ಮೂರು ತುದಿ. ದೊಡ್ಡಮ್ಮನ ಗಿಡ ಎಂದರೆ ಇನ್ನು ಅಷ್ಟೇ.

ಆ ಮೂರನ್ನೂ ನೀರಿಗೆ ಇಡಲಿಲ್ಲ, ಮಣ್ಣಿಗೂ ನೆಡಲಿಲ್ಲ. ಕತ್ತರಿಸಿದ ಗಾಯ ಒಣಗಿ ಚರ್ಮ ಕಟ್ಟಲಿ ಎಂದು ಒಂದು ವಾರ ಪೇಪರಿನ ಮೇಲೆ ಸುಮ್ಮನೆ ಮಲಗಿಸಿದೆ. ಏನೂ ಮಾಡದೆ ಇರುವುದು ಎಷ್ಟು ಕಷ್ಟ ಎಂದು ಆ ವಾರ ಗೊತ್ತಾಯಿತು. ಆಮೇಲೆ ಅಗಲವಾದ ತೂತಿರುವ ಮಣ್ಣಿನ ಕುಂಡ ತಂದೆ. ಅರ್ಧ ಪಾಲು ಕೆಮ್ಮಣ್ಣು ಮತ್ತು ಸ್ವಲ್ಪ ಹಳೇ ಗೊಬ್ಬರ, ಇನ್ನರ್ಧ ದಪ್ಪ ಮರಳು ಮತ್ತು ಇಟ್ಟಿಗೆ ಚೂರು. ತೆಂಗಿನ ನಾರಿನ ಪುಡಿ ಬಹಳ ಹೊತ್ತು ನೀರು ಹಿಡಿದಿಡುತ್ತದೆ ಎಂದು ಅದನ್ನು ಬಿಟ್ಟೆ. ರೂಮಿನ ಕಿಟಕಿಯ ಬದಲು, ಓನರ್ ಆಂಟಿಯನ್ನು ಕೇಳಿ ಬೆಳಗಿನ ಬಿಸಿಲು ಬೀಳುವ ಮೆಟ್ಟಿಲ ಬಳಿ, ಮಳೆ ತಾಗದ ಕಡೆ ಇಟ್ಟೆ. ನೆಟ್ಟ ಮೇಲೆ ಒಂದು ವಾರ ನೀರು ಹಾಕಲಿಲ್ಲ.

ಈಗ ನೀರಿಗೆ ವಾರದ ಲೆಕ್ಕ ಇಟ್ಟುಕೊಂಡಿಲ್ಲ. ಮಳೆಗಾಲಕ್ಕೂ ಏಪ್ರಿಲ್ ಬಿಸಿಲಿಗೂ ಒಂದೇ ಲೆಕ್ಕ ಹೇಗೆ ಸರಿಯಾಗುತ್ತದೆ? ಉರಿದು ಉಳಿದ ಊದಿನಕಡ್ಡಿಯ ತುದಿಯನ್ನು ಮಣ್ಣಿನಲ್ಲಿ ಆಳಕ್ಕೆ ಚುಚ್ಚಿ ತೆಗೆಯುತ್ತೇನೆ. ಕಡ್ಡಿಗೆ ಮಣ್ಣು ಮೆತ್ತಿದರೆ ನೀರು ಬೇಡ. ಒಣಗಿ ಬಂದರೆ, ಕೆಳಗಿನ ತೂತಿನಿಂದ ಇಳಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುತ್ತೇನೆ.

ನೆಟ್ಟು ಮೂರು ವಾರಕ್ಕೆ ಒಂದು ತುದಿಯನ್ನು ಮೆಲ್ಲಗೆ ಎಳೆದು ನೋಡಿದೆ. ಬರಲಿಲ್ಲ, ಬೇರು ಹಿಡಿದಿತ್ತು. ಆ ಭಾನುವಾರ ಅಮ್ಮನ ಕಾಲ್ ಬಂದಾಗ ಮೆಟ್ಟಿಲ ಬಳಿಯೇ ಕೂತು ಕ್ಯಾಮೆರಾ ಕುಂಡದ ಕಡೆ ತಿರುಗಿಸಿದೆ. ದೊಡ್ಡ ಗಿಡ ಸತ್ತಿದ್ದು, ಮೂರು ಭಾನುವಾರದ ಸುಳ್ಳು, ಎಲ್ಲ ಹೇಳಿದೆ. ಅಳುವೂ ಬಂತು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ನಿನ್ನ ದೊಡ್ಡಮ್ಮನೂ ಎರಡು ಸಲ ಕೊಳೆಸಿದ್ಲು ಮಾರಾಯ್ತಿ’ ಅಂದಳು. ‘ಮಳೆಗಾಲದಲ್ಲಿ ಜಗಲಿ ಮೂಲೆಗೆ ಇಡ್ತಿದ್ದಿದ್ದು ಮತ್ತೆಂತಕ್ಕೆ? ಹಾಗೆ ಕಲ್ತಿದ್ದು ಅವ್ಳು. ನೀ ನೋಡಿದ್ಯಲ್ಲ ದೊಡ್ಡ ಗಿಡ, ಅದೂ ಕೊಳೆತ ಗಿಡದ ತುದಿಯೇ.’

ದೀಪಾವಳಿಗೆ ಊರಿಗೆ ಹೋಗುವಾಗ ಮೂರರಲ್ಲಿ ಒಂದನ್ನು ಹಳೇ ಪ್ಲಾಸ್ಟಿಕ್ ಲೋಟಕ್ಕೆ ತೂತು ಮಾಡಿ ಹಾಕಿಕೊಂಡೆ. ರಾತ್ರಿ ಬಸ್ಸಿನಲ್ಲಿ ಅದನ್ನು ಮಡಿಲಿನಲ್ಲೇ ಇಟ್ಟುಕೊಂಡು ಹೋದೆ. ಈಗ ಅದು ಜಗಲಿಯ ಅದೇ ಮೂಲೆಯಲ್ಲಿದೆ. ಮೊನ್ನೆ ಅಮ್ಮ ಫೋಟೊ ಕಳುಹಿಸಿದ್ದಳು. ಕುಂಡದಲ್ಲಿ ಒಂದು ಊದಿನಕಡ್ಡಿ ಚುಚ್ಚಿತ್ತು.